ಕಡೇ ಲಾಂಚಿನ ಹೊತ್ತು: ಶರಾವತಿ ಹಿನ್ನೀರಿನಲ್ಲಿ ವಿನ್ಯಾಸ, ನಿಯಮ ಮತ್ತು ನಿತ್ಯಜೀವನ

ರಸ್ತೆ, ಅಣೆಕಟ್ಟು, ವಿದ್ಯುತ್ ತಂತಿಗಳು ಸರಿಯಾಗಿ ಕೆಲಸ ಮಾಡುವಷ್ಟು ಕಾಲ ಯಾರ ಗಮನಕ್ಕೂ ಬರುವುದಿಲ್ಲ, ಕೆಟ್ಟಾಗಲೇ ಕಣ್ಣಿಗೆ ಬೀಳುತ್ತವೆ ಎಂಬುದು ಮೂಲಸೌಕರ್ಯಗಳ ಸಾಮಾಜಿಕ ಅಧ್ಯಯನದಲ್ಲಿ ಬೇರೂರಿದ ಮಾತು. ಅಮೆರಿಕದ ಸಮಾಜಶಾಸ್ತ್ರಜ್ಞೆ ಸೂಸನ್ ಲೀ ಸ್ಟಾರ್ 1999ರ ಪ್ರಸಿದ್ಧ ಪ್ರಬಂಧವೊಂದರಲ್ಲಿ ಇದನ್ನು ಮಂಡಿಸಿದರು. ಗಾಲಿಕುರ್ಚಿಯಲ್ಲಿ ಓಡಾಡುವವರಿಗೆ ಮೆಟ್ಟಿಲು ಸೌಕರ್ಯವಲ್ಲ, ಅಡ್ಡಿ ಎಂದೂ ಅಲ್ಲೇ ನೆನಪಿಸಿದರು. ಸಾಗರ ಮತ್ತು ಹೊಸನಗರ ತಾಲ್ಲೂಕುಗಳ ಶರಾವತಿ ಹಿನ್ನೀರಿನ ಸೀಮೆಯನ್ನು ಎದುರಿಟ್ಟುಕೊಂಡು ಓದಿದರೆ ಈ ಎರಡನೆಯ ಮಾತಿಗೇ ತೂಕ ಹೆಚ್ಚು. ಲಿಂಗನಮಕ್ಕಿ ಅಣೆಕಟ್ಟಿನ ನೀರಿನಿಂದ ಹುಟ್ಟಿದ ವಿದ್ಯುತ್ತನ್ನು ಬೆಂಗಳೂರಿನಲ್ಲಿ ಬಳಸಿದವರಿಗೆ ಆ ಜಲಾಶಯ ಕಾಣಲೇ ಇಲ್ಲ. ಹಿನ್ನೀರಿನಾಚೆ ದಡದ ತುಮರಿ, ಬ್ಯಾಕೋಡಿನವರಿಗೆ ಅದು ಕಾಣದ ದಿನವೇ ಇರಲಿಲ್ಲ. ಈ ಲೇಖನದ ವಾದ ಅಲ್ಲಿಂದ ಒಂದು ಹೆಜ್ಜೆ ಮುಂದಕ್ಕೆ ಹೋಗುತ್ತದೆ. ಕಟ್ಟಿದ ವಸ್ತುವಿನ ಆಕಾರಕ್ಕಿಂತ ಅದನ್ನು ನಡೆಸುವ ನಿಯಮ, ಅಂದರೆ ನೀರನ್ನು ಯಾವ ತಿಂಗಳು ಎಷ್ಟು ಇಳಿಸಬೇಕು, ಹಿನ್ನೀರು ದಾಟಿಸುವ ಲಾಂಚ್ ಎಷ್ಟು ಹೊತ್ತಿಗೆ ನಿಲ್ಲಬೇಕು ಎಂಬ ತೀರ್ಮಾನ, ಊರುಗಳ ಬದುಕನ್ನು ಹೆಚ್ಚು ಆಳವಾಗಿ ತಿದ್ದುತ್ತದೆ. ಆ ನಿಯಮವನ್ನೂ ವಿನ್ಯಾಸದ ಭಾಗವೆಂದೇ ಓದಬೇಕು.

ಶರಾವತಿಗೆ ಮೊದಲು ಬಂದದ್ದು ಮಡೇನೂರಿನ ಹಿರೇಭಾಸ್ಕರ ಅಣೆಕಟ್ಟು. 1948ರಲ್ಲಿ ಜೋಗದ ವಿದ್ಯುದಾಗಾರ ಶುರುವಾದಾಗ ಅದಕ್ಕೆ ನೀರು ಒದಗಿಸಿದ್ದು ಇದೇ. 1964ರಲ್ಲಿ ಲಿಂಗನಮಕ್ಕಿ ಮುಗಿದ ಮೇಲೆ ಹಿರೇಭಾಸ್ಕರವೂ ಹೊಸ ಜಲಾಶಯದೊಳಗೆ ಮುಳುಗಿತು. ನೀರು ತೀರಾ ಇಳಿದ ವರ್ಷಗಳಲ್ಲಿ ಅದರ ಸೈಫನ್ನುಗಳು ಇಂದಿಗೂ ಮೇಲೆದ್ದು ಕಾಣುತ್ತವೆ. ಲಿಂಗನಮಕ್ಕಿಯ ಪೂರ್ಣ ಮಟ್ಟ 1,819 ಅಡಿ, ಸಂಗ್ರಹ ಸುಮಾರು 151 ಟಿಎಂಸಿ, ಅದನ್ನು ನೆಚ್ಚಿರುವ ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವಾಟ್. ಮುಳುಗಡೆಗೆ ಸಿಕ್ಕವರ ಕಥೆಯನ್ನು ಸಾಗರದ ನಾ. ಡಿಸೋಜ ‘ಮುಳುಗಡೆ’, ‘ದ್ವೀಪ’ ಕಾದಂಬರಿಗಳಲ್ಲಿ ಕನ್ನಡದ ಓದುಗರ ಮುಂದಿಟ್ಟರು. ಕಾಡಿನ ಜಾಗಗಳಲ್ಲಿ ನೆಲೆಗೊಳಿಸಿದ ಸಂತ್ರಸ್ತರಲ್ಲಿ ಅನೇಕರು ಹಕ್ಕುಪತ್ರಕ್ಕಾಗಿ ಇವತ್ತಿಗೂ ಕಚೇರಿ ಅಲೆಯುತ್ತಿದ್ದಾರೆ. ಊರು ಬಿಡದೆ ದಡದಲ್ಲೇ ಉಳಿದವರ ಮಾತು ಇದರ ನಡುವೆ ಹಿಂದೆ ಸರಿದಿದೆ. ಕರೂರು, ಬಾರಂಗಿ ಹೋಬಳಿಗಳ ಜನ ಮುಳುಗಡೆಯ ಪಟ್ಟಿಯಲ್ಲಿ ಸೇರದೆಯೂ ಮುಳುಗಡೆಯ ಪರಿಣಾಮವನ್ನು ಆರು ದಶಕ ಅನುಭವಿಸಿದರು.

ಆ ಪರಿಣಾಮ ಎಲ್ಲಿ ನೆಲೆಸಿತ್ತು ಎಂಬುದನ್ನು ಅಂಬಾರಗೋಡ್ಲು–ಕಳಸವಳ್ಳಿ ನಡುವೆ ದಾಟಿಸುತ್ತಿದ್ದ ಹೊಳೆಬಾಗಿಲಿನ ಲಾಂಚಿನ ಬಳಿ ನಿಂತು ನೋಡಿದರೆ ತಿಳಿಯುತ್ತಿತ್ತು. ಚಪ್ಪಟೆ ತಳದ ಲಾಂಚು ದಡಕ್ಕೆ ಬಂದು ಮುಂಭಾಗದ ಕಬ್ಬಿಣದ ಹಲಗೆಯನ್ನು ಸಿಮೆಂಟಿನ ಇಳಿಜಾರಿನ ಮೇಲೆ ಚಾಚುತ್ತಿತ್ತು. ಬಸ್ಸು, ಜೀಪು, ಬೈಕುಗಳು ಅದರ ಮೇಲೆಯೇ ಹತ್ತಿ ಇಳಿಯಬೇಕಿತ್ತು. ನೀರು ಇಳಿಜಾರಿನ ತುದಿಗಿಂತ ಕೆಳಗೆ ಹೋದರೆ ಹಲಗೆಗೆ ಆಧಾರವಿಲ್ಲ, ಮುಂದೆ ಬರೀ ಕೆಸರು. ಮಳೆ ತಡವಾದ ವರ್ಷಗಳಲ್ಲಿ ವಾಹನಗಳನ್ನು ನಿಲ್ಲಿಸಿ ಜನರನ್ನಷ್ಟೇ ದಾಟಿಸುತ್ತಿದ್ದುದು ಇದರಿಂದಲೇ. ಈ ಮಟ್ಟವನ್ನು ತೀರ್ಮಾನಿಸುತ್ತಿದ್ದುದು ದಾಟುವವರ ಅಗತ್ಯವಲ್ಲ, ವಿದ್ಯುತ್ತಿನ ಬೇಡಿಕೆ. ಮಳೆಗಾಲದ ಕೊನೆಗೆ ತುಂಬಿದ ಜಲಾಶಯ ಚಳಿಗಾಲ, ಬೇಸಿಗೆ ಪೂರ್ತಿ ಇಳಿಯುತ್ತ ಹೋಗಿ ಮೇ-ಜೂನ್ ವೇಳೆಗೆ ತಳ ಹಿಡಿಯುತ್ತದೆ. ಮದುವೆ, ಗೃಹಪ್ರವೇಶ, ಜಾತ್ರೆ, ಸಿಗಂದೂರಿಗೆ ಬರುವ ರಜಾಕಾಲದ ಭಕ್ತರು, ಮಳೆಗೆ ಮುಂಚೆ ಸಾಗಿಸಬೇಕಾದ ಗೊಬ್ಬರ, ಹೆಂಚು, ದಿನಸಿ, ಎಲ್ಲವೂ ಸೇರುವುದು ಅದೇ ತಿಂಗಳುಗಳಲ್ಲಿ. ಓಡಾಟ ಹೆಚ್ಚಾದಾಗ ದಾರಿ ಕಿರಿದಾಗುವ ಏರ್ಪಾಡು ಇದು. ಯಾರೂ ಹೀಗಾಗಲಿ ಎಂದು ಬಯಸಿರಲಿಲ್ಲ, ಆದರೆ ಹೀಗಾಗದಂತೆ ನೋಡಿಕೊಳ್ಳುವ ಹೊಣೆಯನ್ನೂ ಯಾರಿಗೂ ವಹಿಸಿರಲಿಲ್ಲ.

ದಿನದ ಲೆಕ್ಕ ಇನ್ನೂ ಬಿಗಿ. ಲಾಂಚು ಓಡುತ್ತಿದ್ದುದು ಹಗಲಿನಲ್ಲಿ ಮಾತ್ರ. ಸಂಜೆಯ ಕಡೇ ಲಾಂಚ್ ಹೋದ ಮೇಲೆ ಆಚೆ ದಡ ಬೇರೆಯೇ ಲೋಕ. ಸಾಗರದ ಕಾಲೇಜಿನಲ್ಲಿ ಮಧ್ಯಾಹ್ನದ ಕೊನೆಯ ತರಗತಿ, ಆಸ್ಪತ್ರೆಯ ಸರದಿ, ತಾಲ್ಲೂಕು ಕಚೇರಿಯ ‘ನಾಳೆ ಬನ್ನಿ’, ಇವೆಲ್ಲಕ್ಕೂ ಇಲ್ಲಿ ಬೇರೆ ಬೆಲೆ ಇತ್ತು. ರಾತ್ರಿ ಹೆರಿಗೆ ನೋವು ಬಂದರೆ ನಾಗೋಡಿಯ ಕಡೆ ಘಟ್ಟದ ದಾರಿ ಹಿಡಿದು ಸುತ್ತಿ ಹೋಗಬೇಕಿತ್ತು, ಇಲ್ಲವೇ ಲಾಂಚಿನ ಸಿಬ್ಬಂದಿಯನ್ನು ಎಬ್ಬಿಸಿ ಬೇಡಬೇಕಿತ್ತು. ಸಿಬ್ಬಂದಿ ಎದ್ದು ಬಂದು ದಾಟಿಸಿದರೆ ಅದು ಅವರ ದೊಡ್ಡತನ. ಹಕ್ಕಾಗಿ ಸಿಗಬೇಕಾದದ್ದು ದಯೆಯಾಗಿ ಸಿಗುವಂತೆ ಮಾಡುವುದು ಇಂಥ ವ್ಯವಸ್ಥೆಯ ಅತ್ಯಂತ ಮೌನವಾದ ಕೆಲಸ, ಅದು ನನಗೆ ಅತ್ಯಂತ ನೋವಿನದೂ ಆಗಿ ತೋರುತ್ತದೆ.

ಈ ವಾದಕ್ಕೆ ಒಂದು ಗಟ್ಟಿ ಆಕ್ಷೇಪವಿದೆ: ದುರ್ಗಮತೆ ಮಲೆನಾಡಿನ ಹುಟ್ಟುಗುಣ, ಅದನ್ನು ಅಣೆಕಟ್ಟಿನ ತಲೆಗೆ ಕಟ್ಟುವುದು ಸರಿಯಲ್ಲ. ತೀರ್ಥಹಳ್ಳಿ, ಹೊಸನಗರಗಳಲ್ಲಿ ಜಲಾಶಯದ ಅಂಚಿಗೆ ಸೇರದ ಒಂಟಿಮನೆಗಳೂ ಮಳೆಗಾಲದಲ್ಲಿ ಹಳ್ಳದಾಚೆ ಸಿಕ್ಕಿಕೊಳ್ಳುತ್ತವೆ ಎಂಬುದು ನಿಜ. ಆದರೆ ಅಲ್ಲಿನ ಕಾಲುಸಂಕವನ್ನು ಲಾಂಚಿನ ಪಕ್ಕದಲ್ಲಿಟ್ಟು ನೋಡಬೇಕು. ಅಡಿಕೆ ಮರಗಳನ್ನು ಜೋಡಿಸಿ, ಹಿಡಿಕೆಗೆ ಬಿದಿರು ಕಟ್ಟಿ, ಮಳೆ ಹಿಡಿಯುವ ಮೊದಲು ಆಚೀಚೆ ಮನೆಯವರೇ ಸೇರಿ ಹಾಕುವ ಸಂಕ ಅದು. ಅದಕ್ಕೂ ಮಿತಿಯಿದೆ, ಅಪಾಯವಿದೆ. ತಲೆಹೊರೆ ದಾಟುತ್ತದೆ, ಬೈಕು ದಾಟದು, ರೋಗಿಯನ್ನು ಕಂಬಳಿ ಜೋಲಿಯಲ್ಲಿ ಹೊರಬೇಕು. ಪಾಚಿಗಟ್ಟಿದ ಸಂಕದ ಮೇಲೆ ಮಕ್ಕಳು ಶಾಲೆಗೆ ಹೋಗುವುದನ್ನು ಹೊಗಳುವ ಮನಸ್ಸು ನನಗಿಲ್ಲ. ಶಾಲಾ ಮಕ್ಕಳಿಗಾಗಿ ಕಿರುಸೇತುವೆ ಕಟ್ಟುವ ಸರಕಾರಿ ಯೋಜನೆ ಬಂದದ್ದೇ ತಡವಾಗಿ. ಆದರೂ ಸಂಕ ಎಲ್ಲಿರಬೇಕು, ಯಾವಾಗ ಹಾಕಬೇಕು ಎಂಬ ತೀರ್ಮಾನ ದಾಟುವವರ ಕೈಯಲ್ಲೇ ಇರುತ್ತದೆ. ಹಳ್ಳ ಬೇಸಿಗೆಯಲ್ಲಿ ದಾರಿ ಬಿಡುತ್ತದೆ, ಶರಾವತಿಯೂ ಹೊಳೆಯಾಗಿದ್ದಾಗ ಬಿಡುತ್ತಿತ್ತು. ಹಾಯ್ದು ದಾಟುತ್ತಿದ್ದ ಹೊಳೆಯನ್ನು ವರ್ಷಪೂರ್ತಿ ದಾಟಲಾಗದ ಎರಡು ಕಿಲೋಮೀಟರ್ ನೀರಾಗಿ ಮಾಡಿದ್ದು ಭೂಗೋಳವಲ್ಲ, ಯೋಜನೆ.

ಇನ್ನೊಂದು ಆಕ್ಷೇಪ ನಾಡಿನ ಹಿತದ್ದು. ಶರಾವತಿಯ ವಿದ್ಯುತ್ತಿಲ್ಲದೆ ಕರ್ನಾಟಕದ ಕೈಗಾರಿಕೆ, ನೀರಾವರಿ ಪಂಪುಸೆಟ್ಟು, ಓದುವ ಮಕ್ಕಳ ದೀಪ ಯಾವುದೂ ಅಷ್ಟು ಬೇಗ ಬರುತ್ತಿರಲಿಲ್ಲ. ಇದನ್ನು ಅಲ್ಲಗಳೆಯುವುದು ಸಾಧ್ಯವಿಲ್ಲ, ಅಲ್ಲಗಳೆಯಬೇಕಾಗಿಯೂ ಇಲ್ಲ. ಪ್ರಶ್ನೆ ಇರುವುದು ಯೋಜನೆಯ ಗಡಿಯನ್ನು ಎಲ್ಲಿ ಎಳೆದರು ಎಂಬಲ್ಲಿ. ಟರ್ಬೈನು, ಕಾಲುವೆ, ತಂತಿ ಮಾರ್ಗಗಳು ಯೋಜನೆಯೊಳಗೆ ಬಂದವು. ಕಡಿದುಹೋದ ದಾರಿ ಹೊರಗೆ ಉಳಿದು, ಕಾಲಾನಂತರ ಬೇರೆ ಇಲಾಖೆಯ ‘ಅಭಿವೃದ್ಧಿ ಬೇಡಿಕೆ’ಯಾಗಿ ಮರಳಿತು. ಅಮೆರಿಕದ ವಿದ್ವಾಂಸ ಲ್ಯಾಂಗ್ಡನ್ ವಿನ್ನರ್ 1980ರಲ್ಲಿ ನ್ಯೂಯಾರ್ಕಿನ ತಗ್ಗು ಸೇತುವೆಗಳು ಬಡವರ ಬಸ್ಸುಗಳನ್ನು ತಡೆಯಲೆಂದೇ ಕಟ್ಟಿದವು ಎಂದು ವಾದಿಸಿದರು; ಮುಂದೆ ಬರ್ನ್‌ವರ್ಡ್ ಯೋರ್ಗೆಸ್ ಮುಂತಾದವರು ಅಂಥ ಉದ್ದೇಶಕ್ಕೆ ಆಧಾರ ಸಾಲದೆಂದು ಪ್ರಶ್ನಿಸಿದರು. ಶರಾವತಿಯ ಸಂಗತಿಯಲ್ಲಿ ಆ ಜಗಳಕ್ಕೆ ಇಳಿಯಬೇಕಾಗಿಲ್ಲ. ಇಲ್ಲಿ ದುರುದ್ದೇಶ ಹುಡುಕಿದರೆ ಸಿಗದು. ಲೆಕ್ಕಪತ್ರದ ಗಡಿ ಸಾಕಾಯಿತು.

2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ನಡುವಿನ ಸುಮಾರು 2.4 ಕಿ.ಮೀ. ಉದ್ದದ ಸೇತುವೆ ಸಂಚಾರಕ್ಕೆ ತೆರೆಯಿತು. 470 ಕೋಟಿ ರೂಪಾಯಿಗೂ ಮೀರಿದ ಈ ಕಾಮಗಾರಿ ಸಾಗರವನ್ನು ಕೊಲ್ಲೂರಿನ ಕಡೆಗೆ ಜೋಡಿಸುವ ರಾಷ್ಟ್ರೀಯ ಹೆದ್ದಾರಿಯ ಭಾಗ. ಕಡೇ ಲಾಂಚಿನ ಭಯ ತುಮರಿಯ ಮನೆಗಳಿಂದ ಹೋಯಿತು, ಇದು ಸಣ್ಣ ಮಾತಲ್ಲ. ಹಾಗೆಂದು ಸಮಸ್ಯೆ ಮುಗಿಯಿತು ಎನ್ನುವವರು ಎರಡು ವಿಷಯ ಗಮನಿಸಬೇಕು. ಸೇತುವೆಗೆ ತನ್ನದೇ ನಿಯಮವಿದೆ: ಅದು ಹೆದ್ದಾರಿಯ ವೇಗಕ್ಕೆ, ಯಾತ್ರಿಕರ ವಾಹನಗಳಿಗೆ ರೂಪಿಸಿದ್ದು. ಕಾಯುವ ಜನರನ್ನು ನಂಬಿದ್ದ ದಡದ ಚಹಾದಂಗಡಿ, ಹಣ್ಣಿನ ಗೂಡಂಗಡಿಗಳಿಗೆ ಆ ವೇಗದಲ್ಲಿ ಜಾಗವಿಲ್ಲ. ಒಳಗಿನ ಹಳ್ಳಿಗಳಿಗೆ ಬಸ್ಸು ಎಷ್ಟು ಹೊತ್ತಿಗೆ, ದಿನಕ್ಕೆ ಎಷ್ಟು ಬಾರಿ ಎಂಬುದನ್ನು ಕಾಂಕ್ರೀಟು ತೀರ್ಮಾನಿಸುವುದಿಲ್ಲ. ಎರಡನೆಯದಾಗಿ, ಹೊಳೆಬಾಗಿಲು ಒಂದೇ ಕಡವಲ್ಲ. ಸಾಗರ ಮತ್ತು ಹೊಸನಗರದ ನಡುವಿನ ಹಸಿರುಮಕ್ಕಿಯಲ್ಲಿ ಸೇತುವೆಯ ಕೆಲಸ ವರ್ಷಗಟ್ಟಲೆ ಎಳೆಯಿತು, ಮುಪ್ಪಾನೆಯಂಥ ಕಡಗಳು ಸುದ್ದಿಗೆ ಬರುವುದೇ ಅಪರೂಪ. ಸಿಗಂದೂರಿನಂಥ ಕ್ಷೇತ್ರವಿಲ್ಲದ ದಡಕ್ಕೆ ಒತ್ತಾಯಿಸುವ ದನಿಯೂ ಕಡಿಮೆ.

ಈ ವಿಚಾರಕ್ಕೆ ಈಗ ತುರ್ತು ಬಂದಿರುವುದು ಅದೇ ಕಣಿವೆಯ ಮುಂದಿನ ಯೋಜನೆಯಿಂದ. ತಳಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ ನೀರನ್ನು ಇಳಿಸಿ, ಮತ್ತೆ ಮೇಲೆತ್ತಿ 2,000 ಮೆಗಾವಾಟ್ ಉತ್ಪಾದಿಸುವ ಪಂಪ್ಡ್ ಸ್ಟೋರೇಜ್ ಯೋಜನೆಯ ಬಗ್ಗೆ ನಡೆದಿರುವ ಚರ್ಚೆ ಹೆಚ್ಚಾಗಿ ಕಾಡಿನ ಎಕರೆ ಮತ್ತು ಸಿಂಗಳೀಕಗಳ ನೆಲೆಯ ಸುತ್ತ ಇದೆ; ಅದು ಇರಲೇಬೇಕು. ಅದರೊಂದಿಗೆ ನಡೆಸುವ ನಿಯಮವೂ ಚರ್ಚೆಗೆ ಬರಬೇಕು. ಲಿಂಗನಮಕ್ಕಿಯಲ್ಲಿ ನೀರು ಏರಿ ಇಳಿಯುವುದು ವರ್ಷಕ್ಕೊಮ್ಮೆ. ಇಂಥ ಯೋಜನೆಯಲ್ಲಿ ಅದು ದಿನದ ವಿದ್ಯುತ್ ಬೇಡಿಕೆಯನ್ನು ಅನುಸರಿಸುತ್ತದೆ. ಯಾವ ಗಂಟೆಯಲ್ಲಿ ಎಷ್ಟು ಮಟ್ಟ, ಆ ಮಟ್ಟಕ್ಕೆ ಯಾವ ದಡದ ದಾರಿ, ದೋಣಿ, ಮೀನುಗಾರಿಕೆ ಬಾಧಿತವಾಗುತ್ತದೆ, ನಿಯಮ ಬದಲಿಸಬೇಕಾದಾಗ ದಡದ ಪಂಚಾಯಿತಿಗಳನ್ನು ಕೇಳುವವರು ಯಾರು ಎಂಬುದು ಯೋಜನಾ ವರದಿಯಲ್ಲೇ, ಟರ್ಬೈನಿನ ಅಳತೆಯಷ್ಟೇ ಸ್ಪಷ್ಟವಾಗಿ, ಕೆಲಸ ಶುರುವಾಗುವ ಮೊದಲೇ ಕನ್ನಡದಲ್ಲಿ ಬರೆದಿರಬೇಕು.