ಸೆಲ್ಲೋಟೇಪಿಗೆ ಅಂಟಿ ಬರುವ ಪರಮಾಣು ಪದರ

ಬಯಲಲ್ಲಿ ಸಿಕ್ಕ ಕಾಗೆಬಂಗಾರವನ್ನು ಉಗುರಿನಿಂದ ಪದರ ಪದರವಾಗಿ ಬಿಡಿಸಿದವರಿಗೆ ಈ ಪ್ರಯೋಗ ಅರ್ಧ ಗೊತ್ತಿದ್ದಂತೆಯೇ. ಗ್ರ್ಯಾಫೈಟ್ ಕೂಡ ಹಾಳೆಗಳ ಕಟ್ಟು. ಒಂದು ಮಿಲಿಮೀಟರ್ ದಪ್ಪದಲ್ಲಿ ಸುಮಾರು 30 ಲಕ್ಷ ಹಾಳೆಗಳಿರುತ್ತವೆ. ಅದರಲ್ಲಿ ಒಂದೇ ಒಂದನ್ನು ಬಿಡಿಸಿದರೆ ಅದೇ ಗ್ರಾಫೀನ್: ಒಂದು ಪರಮಾಣುವಿನಷ್ಟು ದಪ್ಪದ ಇಂಗಾಲ.

ಎಸೆಯುತ್ತಿದ್ದ ಟೇಪು

ಗ್ರ್ಯಾಫೈಟ್‌ನ ಮೇಲ್ಮೈ ಶುಚಿಯಾಗಲೆಂದು ಟೇಪ್ ಅಂಟಿಸಿ ಕಿತ್ತೆಸೆಯುವುದು ಪ್ರಯೋಗಾಲಯಗಳ ಹಳೆಯ ರೂಢಿ. ಆ ಕಸದಲ್ಲೇ ನಿಧಿ ಕಂಡವರು ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಆಂಡ್ರೆ ಗೈಮ್ ಮತ್ತು ಕಾನ್‌ಸ್ಟಂಟಿನ್ ನೊವೊಸೆಲೋವ್. 2004ರಲ್ಲಿ ಪ್ರಬಂಧ, 2010ರಲ್ಲಿ ನೊಬೆಲ್. ನೊಬೆಲ್ ತಂದ ಪ್ರಯೋಗವೊಂದನ್ನು ಪದವಿ ವಿದ್ಯಾರ್ಥಿಗಳು ಒಂದು ಮಧ್ಯಾಹ್ನದಲ್ಲಿ ತಾವೇ ಮಾಡಿ ನೋಡುವಂತಾದದ್ದು ಅಪರೂಪ.

ಹುಡುಕಾಟವೇ ಪಾಠ

ಗ್ರ್ಯಾಫೈಟ್ ಚೂರನ್ನು ಟೇಪಿಗೆ ಒತ್ತಿ, ಟೇಪನ್ನು ಮತ್ತೆ ಮತ್ತೆ ಮಡಚಿ ಬಿಚ್ಚಬೇಕು. ಹೊಳಪು ಮಂಕಾದ ಮೇಲೆ ಸಿಲಿಕಾನ್ ಬಿಲ್ಲೆಗೆ ಅಂಟಿಸಿ ನಿಧಾನವಾಗಿ ಎಬ್ಬಿಸಬೇಕು. ಬಿಲ್ಲೆಯ ಮೇಲೆ ಸುಮಾರು 300 ನ್ಯಾನೋಮೀಟರ್ ದಪ್ಪದ ಆಕ್ಸೈಡ್ ಪೊರೆ ಇರಬೇಕು. ಗುಟ್ಟು ಅಲ್ಲೇ ಇದೆ. ಗ್ರಾಫೀನ್ ಬಿದ್ದ ಬೆಳಕಿನಲ್ಲಿ ಹೀರುವುದು ಶೇ. 2.3ರಷ್ಟು ಮಾತ್ರ, ಬರಿಗಾಜಿನ ಮೇಲಿದ್ದರೆ ಕಣ್ಣಿಗೆ ಸಿಗುವುದು ಕಷ್ಟ. ಆದರೆ ಪೊರೆಯ ಮೇಲಿನಿಂದಲೂ ತಳದಿಂದಲೂ ಮರಳಿದ ಬೆಳಕು, ಸಾಬೂನುಗುಳ್ಳೆಯಲ್ಲಾಗುವಂತೆ, ಒಂದರೊಳಗೊಂದು ಬೆರೆತು ಬಣ್ಣ ಕಟ್ಟುತ್ತದೆ. ಆ ನೇರಳೆ ಹಿನ್ನೆಲೆಯಲ್ಲಿ ಒಂಟಿ ಪದರ ತುಸು ಕಪ್ಪಿಟ್ಟ ನೆರಳಿನಂತೆ ತೋರುತ್ತದೆ. ಮಾಮೂಲಿ ಸೂಕ್ಷ್ಮದರ್ಶಕ ಸಾಕು.

ಸಿಗುವುದು ಬಹುಪಾಲು ದಪ್ಪ ಚೂರುಗಳೇ, ಟೇಪಿನ ಅಂಟಿನ ಕಲೆಗಳೇ. ಬೇಸರ ಬರುತ್ತದೆ, ಬರಲಿ. ತಯಾರಾದ ಮಾದರಿಯನ್ನು ಕೊಂಡು ತಂದು ತೋರಿಸಿದರೆ ಈ ಪ್ರಯೋಗದ ಜೀವವೇ ಹೋಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಒಂದೇ ಪದರವೇ?

ಉತ್ತರ ಕೊಡುವುದು ರಾಮನ್ ರೋಹಿತ, ಅಂದರೆ ಚೂರಿನಿಂದ ಚದುರಿದ ಲೇಸರ್ ಬೆಳಕಿನ ಬಣ್ಣ ಎಷ್ಟು ಸರಿದಿದೆ ಎಂದು ತೋರಿಸುವ ನಕ್ಷೆ. ಸಿ.ವಿ. ರಾಮನ್ 1928ರ ಮಾರ್ಚ್ 16ರಂದು ಬೆಂಗಳೂರಿನ ಉಪನ್ಯಾಸದಲ್ಲಿ ವಿವರಿಸಿದ ಪರಿಣಾಮವೇ ಇದಕ್ಕೆ ಆಧಾರ. ಪ್ರತಿ ಸೆಂಟಿಮೀಟರ್‌ಗೆ 1580 ಮತ್ತು 2700ರ ಆಸುಪಾಸಿನಲ್ಲಿ ಎರಡು ಶಿಖರಗಳು ಏಳುತ್ತವೆ. ಎರಡನೆಯದು ಚೂಪಾಗಿ, ಮೊದಲನೆಯದಕ್ಕಿಂತ ಎತ್ತರವಾಗಿದ್ದರೆ ಪದರ ಒಂದೇ.

ಬೇರೆ ಹರಳುಗಳು

ಗ್ರೀಸಿಗೆ ಬೆರೆಸುವ ಮಾಲಿಬ್ಡಿನಮ್ ಡೈಸಲ್ಫೈಡ್ ಕೂಡ ಹೀಗೇ ಬಿಡಿಸಿ ಬರುತ್ತದೆ. ದಪ್ಪ ಹರಳಿಗೆ ಹಸಿರು ಲೇಸರ್ ಬಿಟ್ಟರೆ ಬೆಳಕು ಹೊಮ್ಮುವುದು ತೀರಾ ಕಡಿಮೆ. ಒಂಟಿ ಪದರವಾದರೋ ಕೆಂಪಗೆ ಬೆಳಗುತ್ತದೆ. ವಸ್ತು ಅದೇ, ತೆಳುವಾದದ್ದರಿಂದಲೇ ಗುಣ ಬದಲು.

ಗ್ರಾಫೀನ್ ಪದರ ಎಣಿಸಲು ಬೇಕಾದ ರಾಮನ್ ಯಂತ್ರ ದುಬಾರಿ. ಅದಿಲ್ಲದ ಕಾಲೇಜಿನವರು ಸೂಕ್ಷ್ಮದರ್ಶಕದ ಫೋಟೊದಲ್ಲಿ ಹಸಿರು ಬಣ್ಣದ ತೀವ್ರತೆಯನ್ನಷ್ಟೇ ಅಳೆದು ನೋಡಲಿ. ಪದರ ಹೆಚ್ಚಿದಂತೆ ಅದು ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ.