ನಮ್ಮೂರ ಬಸ್ಸಿನ ಬೀದಿ

ಬನ್ನೂರಿಗೂ ಮಳವಳ್ಳಿಗೂ ನಡುವೆ ಇರುವ ಕಿರುಗಾವಲು ಹೆಸರಿಗೆ ಹಳ್ಳಿ. ಬಾಲ್ಯದಲ್ಲಿ ಅದರ ಹೆದ್ದಾರಿಯೇ ನಮಗೆ ಪೇಟೆಯಾಗಿತ್ತು. ಮೈಸೂರಿನ ಬಸ್ಸು, ಕಬ್ಬಿನ ಗಾಡಿ, ಬಂಡೂರು ಕುರಿಗಳ ಹಿಂಡು, ಇವುಗಳ ಗದ್ದಲದಲ್ಲಿಯೇ ನಾವು ಮಗ್ಗಿ ಕಲಿತೆವು. ಮಳವಳ್ಳಿಯ ಬಳಿ 1799ರ ಮಾರ್ಚ್ 27ರಂದು ಟಿಪ್ಪುವಿಗೂ ಜನರಲ್ ಹ್ಯಾರಿಸನಿಗೂ ನಡೆದ ಕಾಳಗ ಹಿರಿಯರ ಬಾಯಿಂದ ಕೇಳಿದ ಚರಿತ್ರೆ. ಕಣ್ಣಾರೆ ಕಂಡ ಚರಿತ್ರೆ ಬೇರೆ.

1991ರ ಡಿಸೆಂಬರಿನಲ್ಲಿ ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ಆದೇಶ ಕೇಂದ್ರದ ಗೆಜೆಟ್ಟಿನಲ್ಲಿ ಪ್ರಕಟವಾಯಿತು. ಗಲಭೆಯೆದ್ದು ಬಸ್ಸುಗಳು ನಿಂತವು. ಜಗಲಿಯ ಮೇಲಿನ ಮಾತೆಲ್ಲ ನಾಲೆಯದೇ: ಕನ್ನಂಬಾಡಿಯ ನೀರು ಬಂದರೆ ಭತ್ತ, ಭತ್ತವಿದ್ದರೆ ಗಾಡಿ, ಗಾಡಿಯಿದ್ದರೆ ಅಂಗಡಿ. ಆ ಅಂಜಿಕೆ ನಿಜವಾದದ್ದೇ. ಆದರೆ ಅದೇ ದಿನಗಳಲ್ಲಿ ಬೆಂಗಳೂರಿನಿಂದಲೂ ಮೈಸೂರು ಸೀಮೆಯಿಂದಲೂ ಸಾವಿರಾರು ತಮಿಳರು ಮನೆ ತೊರೆದು ಓಡಿದರು. ಬಸ್ಸು ಮತ್ತೆ ಬಂತು. ಹೋದವರೆಲ್ಲ ಮರಳಿದರೇ ಎಂದು ನಮ್ಮ ಬೀದಿಯಲ್ಲಿ ಯಾರೂ ಕೇಳಲಿಲ್ಲ.