ಗುರುವಾರದ ತಾಯಂದಿರು

ಆಫ್ರಿಕಾದ ಕ್ರೈಸ್ತ ಸೇವೆ ಎಂದಕೂಡಲೇ ನಮಗೆ ನೆನಪಾಗುವುದು ಹಡಗಿಳಿದು ಬಂದ ಬಿಳಿಯ ಪಾದ್ರಿ, ಅವನ ಶಾಲೆ, ಅವನ ಆಸ್ಪತ್ರೆ. ಸಂಶೋಧನೆಗೆ ತೊಡಗಿದ ಹೊಸತರಲ್ಲಿ ನಾನೂ ಹಾಗೆಯೇ ಓದುತ್ತಿದ್ದೆ: ಕೊಡುವವರು ಮಿಷನರಿಗಳು, ಪಡೆಯುವವರು ಬಡ ತಾಯಂದಿರು. ಈ ಲೆಕ್ಕ ತಪ್ಪೆಂದು ನನಗೆ ತೋರಿಸಿಕೊಟ್ಟದ್ದು ದಕ್ಷಿಣ ಆಫ್ರಿಕಾದ 'ಮನ್ಯಾನೊ'.

ಖೋಸಾ ಭಾಷೆಯ ಈ ಪದಕ್ಕೆ ಒಗ್ಗಟ್ಟು, ಕೂಟ ಎಂದರ್ಥ. 20ನೇ ಶತಮಾನದ ಮೊದಲ ದಶಕಗಳಲ್ಲಿ ಮೆಥಡಿಸ್ಟ್, ಆಂಗ್ಲಿಕನ್ ಮುಂತಾದ ಚರ್ಚುಗಳಲ್ಲಿ ಬೆಳೆದ ಹೆಂಗಸರ ಪ್ರಾರ್ಥನಾ ಸಂಘಗಳಿವು. ಕೆಲವನ್ನು ಮಿಷನರಿಗಳ ಪತ್ನಿಯರು ಆರಂಭಿಸಿದರೂ ತಮ್ಮದಾಗಿಸಿಕೊಂಡು ಬೆಳೆಸಿದವರು ಕಪ್ಪು ಹೆಂಗಸರೇ. ಸೇರುತ್ತಿದ್ದದ್ದು ಗುರುವಾರ ಮಧ್ಯಾಹ್ನ. ಗುರುವಾರವೇ ಏಕೆ? ಬಿಳಿಯರ ಮನೆಗೆಲಸದವರಿಗೆ ವಾಡಿಕೆಯಂತೆ ಬಿಡುವು ಸಿಗುತ್ತಿದ್ದದ್ದು ಅಂದು. ಹೀಗೆ ಪ್ರಾರ್ಥನೆಯ ವಾರವನ್ನೂ ಗೊತ್ತುಮಾಡಿದವಳು ಮನೆಯೊಡತಿ!

ಇತಿಹಾಸಕಾರರಾದ ಡೆಬೊರಾ ಗೈಟ್‌ಸ್ಕೆಲ್ ತಮ್ಮ 1983ರ ಪ್ರಬಂಧದಲ್ಲಿ ಇಲ್ಲಿನ ಒಂದು ವಿರೋಧಾಭಾಸವನ್ನು ಚರ್ಚಿಸುತ್ತಾರೆ. ಒಳ್ಳೆಯ ಕ್ರೈಸ್ತ ಹೆಂಗಸು ಮನೆಯಲ್ಲಿದ್ದು ಮಕ್ಕಳನ್ನು ಬೆಳೆಸಬೇಕೆಂದು ಮಿಷನ್‌ಗಳು ಬೋಧಿಸುತ್ತಿದ್ದವು. ಹುಡುಗಿಯರನ್ನು ಪರರ ಮನೆಗೆಲಸಕ್ಕೆ ಅಣಿಗೊಳಿಸುವ ಹಾಸ್ಟೆಲುಗಳನ್ನು ನಡೆಸುತ್ತಿದ್ದವೂ ಅವೇ. ಒಡತಿಯ ಮಗುವನ್ನು ಎತ್ತಿ ಆಡಿಸುವ ತಾಯಿಯ ಸ್ವಂತ ಮಕ್ಕಳು ಎಷ್ಟೋ ವೇಳೆ ದೂರದ ಹಳ್ಳಿಯಲ್ಲಿ ಅಜ್ಜಿಯ ಬಳಿ ಬೆಳೆಯುತ್ತಿದ್ದರು. ಗುರುವಾರದ ಪ್ರಾರ್ಥನೆಯಲ್ಲಿ ಆ ತಾಯಂದಿರು ಗಟ್ಟಿಯಾಗಿ ಅಳುತ್ತಿದ್ದದ್ದು ಈ ಮಕ್ಕಳಿಗಾಗಿ.

ಅಳುವಿನ ಜೊತೆಗೆ ಕಾಸೂ ಕೂಡುತ್ತಿತ್ತು. ಬಿಳಿಯ ಮಕ್ಕಳಿಗೆ ಶಾಲೆ ಉಚಿತ; ಕಪ್ಪು ಮಕ್ಕಳ ಶುಲ್ಕ, ಪುಸ್ತಕಗಳ ಹೊರೆ ಹೆತ್ತವರ ಮೇಲೆ. ಮನ್ಯಾನೊ ಹೆಂಗಸರು ಚರ್ಚಿಗೆ ನಿಧಿ ಕೂಡಿಸಿದರು, ಕಷ್ಟದಲ್ಲಿದ್ದ ಮನೆಗಳಿಗೆ ನೆರವಾದರು. ನಮ್ಮ ಚೀಟಿಯನ್ನು ಹೋಲುವ 'ಸ್ಟಾಕ್‌ವೆಲ್'ಗಳೂ ಅಲ್ಲಿದ್ದವು. ಸರದಿ ಬಂದಾಗ ಕೈಸೇರುವ ಇಡಿಗಂಟು ಶಾಲೆಯ ಶುಲ್ಕಕ್ಕೂ ಆಗುತ್ತಿತ್ತು, ಸಾವಿನ ಖರ್ಚಿಗೂ ಆಗುತ್ತಿತ್ತು.

1953ರ ಬಂಟು ಶಿಕ್ಷಣ ಕಾಯ್ದೆ ಕಪ್ಪು ಮಕ್ಕಳ ಶಿಕ್ಷಣವನ್ನು ವರ್ಣಭೇದ ಸರ್ಕಾರದ ಹಿಡಿತಕ್ಕೆ ತಂದಿತು. ಅನುದಾನ ನಿಂತು, ಬಹುಪಾಲು ಮಿಷನ್ ಶಾಲೆಗಳು ಸರ್ಕಾರದ ಪಾಲಾದವು ಇಲ್ಲವೇ ಮುಚ್ಚಿದವು. ಗುರುವಾರದ ಕೂಟಗಳು ಮಾತ್ರ ನಿಲ್ಲಲಿಲ್ಲ.

ಪ್ರಾರ್ಥನೆ ಈ ಹೆಂಗಸರನ್ನು ರಾಜಕೀಯದಿಂದ ದೂರವಿಟ್ಟಿತೆಂಬ ಟೀಕೆಯಿದೆ. ಅದನ್ನು ನಾನು ತಳ್ಳಿಹಾಕಲಾರೆ. ಕಣ್ಣೀರಿಗೆ ಕರಗಿ ಯಾವ ಕಾಯ್ದೆಯೂ ಬದಲಾಗಲಿಲ್ಲ. ಆದರೆ ಬದಲಾವಣೆ ಬರುವತನಕ ಮಕ್ಕಳು ಕಾಯಲಾರರಲ್ಲ? ಅವರಿಗೆ ಈ ವರ್ಷವೇ ಪುಸ್ತಕ ಬೇಕು.

ಈಗ ಮಿಷನ್ ವರದಿಗಳಲ್ಲಿ ದಾನಿಗಳ ಉದ್ದನೆಯ ಪಟ್ಟಿ ಕಂಡಾಗಲೆಲ್ಲ ನನ್ನನ್ನು ನಾನೇ ಕೇಳಿಕೊಳ್ಳುತ್ತೇನೆ: ಶುಲ್ಕ ಕಟ್ಟಿದವಳ ಹೆಸರು ಎಲ್ಲಿದೆ?